ಅಳತೆಗೆ ಕರೆ

ಮಂಗಳವಾರ ಬೆಳಿಗ್ಗೆ,
ಅಂಗಡಿಯ ಬಾಗಿಲು ಇನ್ನೂ ಅರ್ಧ ಮುಚ್ಚಿಯೇ ಇದೆ

ಪ್ರೀತಿಯ ಇವಳೇ,

ಇಪ್ಪತ್ತಾರು ವರ್ಷದಿಂದ ನಿನ್ನನ್ನು ಹೀಗೆ ಕರೆದೇ ಅಭ್ಯಾಸ. ಹೆಸರು ಹಿಡಿದು ಬರೆದರೆ ಬೇರೆ ಯಾರಿಗೋ ಬರೆದಂತಾಗುತ್ತದೆ. ಅಕ್ಕನ ಮಂಡಿನೋವಿಗೆ ಒಂದು ತಿಂಗಳು ನೋಡಿಕೊಂಡು ಬರುತ್ತೇನೆಂದು ಹೋದ ನೀನು ಏಳು ವರ್ಷವಾದರೂ ಬರಲಿಲ್ಲ. ಅಕ್ಕನ ಮಂಡಿ ಯಾವಾಗಲೋ ವಾಸಿಯಾಗಿ ಅವರು ಮೆಟ್ಟಿಲು ಹತ್ತಿಳಿಯುತ್ತಿದ್ದಾರೆಂದು ಕೇಳಿದೆ. ವರ್ಷಕ್ಕೆರಡು ಕಾಗದ ಬರೆಯುತ್ತೀ, ಅದರಲ್ಲೂ ಮಳೆ ಬಿಸಿಲಿನ ವರದಿಯೇ ಹೆಚ್ಚು. ನಾನೂ ಹಾಗೆಯೇ ಬರೆಯುತ್ತೇನೆ. ಇವತ್ತಿನದು ಹಾಗಲ್ಲ. ನಿನಗೆ ಹೇಳಬೇಕಾದ ಮಾತೊಂದಿದೆ, ಅಲ್ಲಿಗೆ ಬರುತ್ತೇನೆ. ನಾನು ಹೇಗೆ ಸುತ್ತಿ ಬಳಸಿ ಬರುವವನೆಂದು ನಿನಗೆ ಗೊತ್ತಲ್ಲ, ಸ್ವಲ್ಪ ಸಹಿಸಿಕೋ.

ನಮ್ಮ ಚರ್ಚಿಗೆ ಹೊಸ ಪಾಸ್ಟರ್ ಬಂದಿದ್ದಾರೆ. ಮೂವತ್ತೈದು ದಾಟಿರಲಿಕ್ಕಿಲ್ಲ, ಸೈಕಲ್ಲಿನಲ್ಲಿ ಓಡಾಡುತ್ತಾರೆ, ಪ್ಯಾಂಟಿನ ಅಂಚು ಚೈನಿಗೆ ಸಿಕ್ಕಿ ಹರಿದಿರುತ್ತದೆ. ಎರಡು ಸಲ ನಾನೇ ಹೊಲಿದುಕೊಟ್ಟೆ. ಬಂದ ಮೊದಲನೆಯ ವಾರವೇ ಹೆಬ್ಬಾಗಿಲ ಬಳಿಯ ಹಲಗೆಯ ಮುಂದೆ ನಿಂತರು. ಸಿಬ್ಬಂದಿಯ ಏಳು ಫೋಟೋ ಇರುವ ಹಲಗೆ. ಆಫೀಸಿನ ಗುಮಾಸ್ತರು, ಆರ್ಗನ್ ನುಡಿಸುವವರು, ಭಾನುವಾರದ ಶಾಲೆಯವರು, ಎಲ್ಲರದ್ದೂ ಒಂದೇ ಮೂಗು. 'ಇದು ಸಿಬ್ಬಂದಿ ಫೋಟೋನಾ, ಯಾರ ಮನೆಯದ್ದಾದ್ರೂ ಮದುವೆ ಫೋಟೋನಾ' ಅಂತ ಕೇಳಿದರು. ನಾನು ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಕೆಮ್ಮಯ್ಯ ನಗಲಿಲ್ಲ. ಕಸ ಗುಡಿಸುವವಳ ಫೋಟೋ ಯಾಕಿಲ್ಲ ಅಂತಲೂ ಕೇಳಿದರು. ಅದನ್ನು ಹಾಕಬೇಕೆಂದು ಯಾರಿಗೂ ಹೊಳೆದೇ ಇರಲಿಲ್ಲ.

ಕೆಮ್ಮಯ್ಯ ಇನ್ನೂ ಸಮಿತಿಯ ಹಿರಿಯನೇ. ನೀನಿಟ್ಟ ಹೆಸರು ನೋಡು, ಈಗಲೂ ಅವನ ನಿಜವಾದ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಮಾತಾಡುವ ಮುಂಚೆ ಮೂರು ಸಲ ಕೆಮ್ಮುವುದೂ ಬಿಟ್ಟಿಲ್ಲ. ಮುಂದಿನ ಬೆಂಚಿನ ಏಳು ಮನೆತನ, ಹಿಂದಿನ ಬೆಂಚಿನಲ್ಲಿ ಇಟ್ಟಿಗೆ ಕಾರ್ಖಾನೆಗೆ, ಆಸ್ಪತ್ರೆಗೆ, ಮನೆಗೆಲಸಕ್ಕೆ ಬೇರೆ ಬೇರೆ ಕಡೆಗಳಿಂದ ಬಂದು ನೆಲೆಸಿದ ನಿನ್ನ ಭಾಷೆಯವರು, ಇನ್ನೊಂದು ಭಾಷೆಯವರು. ನೀನಿದ್ದಾಗ ಹಿಂದೆ ಮೂರು ಸಾಲಿತ್ತು. ಈಗ ಅರ್ಧ ಚರ್ಚೇ ಹಿಂದಿನ ಬೆಂಚು. ಆದರೂ ಒಂದು ಕೆಲಸ ಖಾಲಿಯಾದರೆ ಅದು ಮುಂದಿನ ಎರಡು ಸಾಲು ದಾಟಿ ಹಿಂದೆ ಹೋಗಿದ್ದಿಲ್ಲ.

ಕ್ವಾಯರ್ ನಡೆಸುವ ಕೆಲಸ ಖಾಲಿಯಾಯಿತು. ಹೌದು, ಅದೇ ಕೆಲಸ.

ಎಂದಿನಂತೆ ಆಫೀಸಿನ ಗುಮಾಸ್ತರು ಚೀಟಿ ಬರೆದು ಒಳಕೋಣೆಯ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದರು. ಹಿಂದಿನ ಬೆಂಚಿನವರು ಯಾಕೆ ಅರ್ಜಿ ಹಾಕುವುದಿಲ್ಲ ಅಂತ ಪಾಸ್ಟರ್ ಕೇಳಿದ್ದಕ್ಕೆ ಕೆಮ್ಮಯ್ಯ ಮೂರು ಸಲ ಕೆಮ್ಮಿ, 'ಯಾರು ಬೇಡ ಅಂದಿದ್ದು, ಬಾಗಿಲು ತೆಗೆದೇ ಇಟ್ಟಿದ್ದೀವಲ್ಲ' ಅಂದ. ಪಾಸ್ಟರ್ ಎದ್ದು ಹೋಗಿ ಆ ಚೀಟಿ ಕಿತ್ತು ತಂದು ಮೇಜಿನ ಮೇಲಿಟ್ಟು, 'ಬಾಗಿಲು ತೆಗೆದ್ರೆ ಇದು ಗೋಡೆ ಕಡೆ ತಿರುಗುತ್ತೆ. ಗೋಡೆ ಓದ್ಕೋಬೇಕಷ್ಟೆ' ಅಂದರು. ಅಲ್ಲಿ ಕೂತಿದ್ದ ಐವರೂ ಆ ಚೀಟಿಯನ್ನೇ ನೋಡಿದೆವು. ಮೂವತ್ತು ವರ್ಷದಿಂದ ಆ ಬಾಗಿಲಲ್ಲಿ ಓಡಾಡಿದವರು ನಾವು.

ಆಮೇಲೆ ಪಾಸ್ಟರ್ ಹಿಡಿದ ಪಟ್ಟು ಬಿಡಲಿಲ್ಲ. ಚೀಟಿಯನ್ನು ಮೂರು ಭಾಷೆಯಲ್ಲಿ ಬರೆಸಿ ಗೇಟಿಗೂ ಬಸ್ ನಿಲ್ದಾಣಕ್ಕೂ ಅಂಟಿಸಿದರು. ಆಯ್ಕೆಗೆ ಕೂರುವವರಲ್ಲಿ ಹಿಂದಿನ ಬೆಂಚಿನವರೊಬ್ಬರು ಇರಲೇಬೇಕೆಂದು ಆಸ್ಪತ್ರೆಯ ನರ್ಸಮ್ಮನನ್ನು ಸೇರಿಸಿದರು. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಹೊತ್ತು. ಹಾಡು ಕೇಳುವಾಗ ಹಾಡುವವರ ಮುಖ ಕಾಣಬಾರದೆಂದು ನಡುವೆ ಒಂದು ಪರದೆ ಬೇಕೆಂದರು. ಪರದೆ ಹೊಲಿದವನು ಯಾರು ಹೇಳು. ಹನ್ನೆರಡು ಗಜ ಕಂದು ಬಟ್ಟೆ, ಮೇಲೆ ಹಿತ್ತಾಳೆ ಬಳೆ. ಹೊಲಿಯುತ್ತಾ ಕೂತಾಗ ನನಗೆ ನಿನ್ನದೇ ಯೋಚನೆ. ಒಂಬತ್ತು ವರ್ಷದ ಹಿಂದೆ ಇಂಥ ಒಂದು ಪರದೆ ಇದ್ದಿದ್ದರೆ ಅಂತ ಅನ್ನಿಸಿ ಎರಡು ಸಲ ಸೂಜಿ ಮುರಿಯಿತು.

ಒಂಬತ್ತು ಜನ ಹಾಡಿದರು. ಐದನೆಯವಳು ಹಾಡಿದಾಗ ಕೆಮ್ಮಯ್ಯ ಕೂಡ ಕಣ್ಣು ಮುಚ್ಚಿಕೊಂಡ. ಪರದೆ ಸರಿಸಿದರೆ ತೆಳ್ಳಗಿನ ಹುಡುಗಿ, ಇಪ್ಪತ್ತೆಂಟೋ ಮೂವತ್ತೋ, ನಿನ್ನ ಭಾಷೆಯವಳು. ಕಿವುಡು ಮಕ್ಕಳ ಶಾಲೆಯಲ್ಲಿ ಮೇಜು ತಟ್ಟಿ, ಅದರ ಮೇಲೆ ಮಕ್ಕಳ ಕೈ ಇಡಿಸಿ ತಾಳ ಕಲಿಸುತ್ತಾಳಂತೆ. ಅಲ್ಲಿನವರೆಲ್ಲ ಅವಳನ್ನು ಮೇಡಂ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಕೊನೆಯಲ್ಲಿ ಪಾಸ್ಟರ್ ಎಲ್ಲರಿಗೂ ಕೇಳಿದಂತೆ ಅವಳಿಗೂ, ನಮ್ಮನ್ನು ಏನಾದರೂ ಕೇಳಬೇಕಾ ಅಂದರು. ಬೇರೆಯವರು ಸಂಬಳ, ರಜೆ ಕೇಳಿದ್ದರು. ಇವಳು, 'ನನ್ನಂಥವರು ಯಾರಾದ್ರೂ ಈ ಕೆಲಸಕ್ಕೆ ಮೊದಲು ಅರ್ಜಿ ಹಾಕಿದ್ರಾ? ಅವರಿಗೆ ಏನಾಯ್ತು?' ಅಂತ ಕೇಳಿದಳು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಮೇಜಿನ ಮೇಲಿದ್ದ ಪರದೆಯ ಪಿನ್ನುಗಳನ್ನು ನೋಡಿದೆ. 'ಒಬ್ಬರು ಹಾಕಿದ್ರು. ಸಮಿತಿ ಒಪ್ಪಲಿಲ್ಲ' ಅಂದೆ. ಕೆಮ್ಮಯ್ಯ ಒಂದು ಸಲ ಕೆಮ್ಮಿದ, ಎರಡನೆಯ ಸಲವೂ ಕೆಮ್ಮಿದ. ಮೂರನೆಯದು ಬರಲಿಲ್ಲ. ಎಲ್ಲ ಮುಗಿದ ಮೇಲೆ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದು ಏನೋ ಅಂದ. ಅದಿರಲಿ, ಆಮೇಲೆ.

ಒಂದು ಜೋಡಿ ಗಿರಾಕಿ ಬಂದು ಕೂತಿದ್ದಾರೆ. ಗುಂಡಿಗೆ ಕಾಜಾ ಹಾಕಿಲ್ಲವೆಂದು ಜಗಳಕ್ಕೇ ಬಂದಂತಿದೆ. ಮತ್ತೆ ಬರೆಯುತ್ತೇನೆ.

ಗುರುವಾರ, ಅದೇ ಹೊತ್ತು

ಎರಡು ದಿನ ಈ ಕಾಗದ ಅಳತೆ ಪುಸ್ತಕದೊಳಗೇ ಇತ್ತು. ತೆಗೆಯುವುದು, ಓದುವುದು, ಮತ್ತೆ ಇಡುವುದು. ಮನೆಯಲ್ಲಿ ಮಾತಾಡುವವರು ಯಾರೂ ಇಲ್ಲದ್ದಕ್ಕೆ ಕಾಗದದ ಜೊತೆಯೇ ಕೂತೆ ಅಂದುಕೋ. ಬೆಳಿಗ್ಗೆ ಎರಡು ಲೋಟಕ್ಕೆ ನೀರಿಟ್ಟು ಒಂದು ಲೋಟ ಚೆಲ್ಲುವುದು ಈಗಲೂ ತಿಂಗಳಿಗೊಂದು ಸಲ ಆಗುತ್ತದೆ. ನನಗೇ ನಗು ಬರುತ್ತದೆ, ಆಮೇಲೆ ಬರುವುದಿಲ್ಲ.

ಅಳತೆಯ ವಿಷಯ ನಿನಗೆ ನಾನು ಹೇಳಬೇಕಾಗಿಲ್ಲ. ನಮ್ಮ ಚರ್ಚಿನಲ್ಲಿ ನೇಮಕದ ಪತ್ರ ಅನ್ನುವುದು ಎಂದೂ ಇರಲಿಲ್ಲ. ಸಮಿತಿ ಮುಗಿದ ಮೇಲೆ ಹಿರಿಯ ದರ್ಜಿಗೆ ಹೇಳುತ್ತಾನೆ, ದರ್ಜಿ ಹೋಗಿ 'ನಾಳೆ ಅಂಗಡಿ ಕಡೆ ಬನ್ನಿ' ಅನ್ನುತ್ತಾನೆ. ಚರ್ಚಿನಲ್ಲಿ ತೊಡುವ ನಿಲುವಂಗಿಗೆ ಅಳತೆ ತೆಗೆದರೆಂದರೆ ಕೆಲಸ ಸಿಕ್ಕಿತು. ಅಪ್ಪನ ಕಾಲದಿಂದಲೂ ಹಾಗೆಯೇ. ಅಪ್ಪ ಅಳತೆ ತೆಗೆದು ಬಾಗಿಲ ಬಳಿಯೇ ನಿಂತಿರುತ್ತಿದ್ದರು, ಸಮಿತಿಯಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ಆ ಕುರ್ಚಿ ನಮ್ಮ ಮನೆಯಲ್ಲಿ ಮೊದಲು ಸಿಕ್ಕಿದ್ದು ನನಗೆ. ಹೆಂಗಸರ ಅಳತೆ ನೀನು ತೆಗೆಯುತ್ತಿದ್ದೆ. ಒಳಗಿನಿಂದ ನೀನು ಭುಜ, ಎದೆ, ತೋಳು ಅಂತ ಒಂದೊಂದೇ ಕೂಗುತ್ತಿದ್ದೆ, ನಾನು ಹೊರಗೆ ನಿಂತು ಬರೆದುಕೊಳ್ಳುತ್ತಿದ್ದೆ. ನಿನ್ನ ಬಾಯಲ್ಲಿ ಹದಿನಾಲ್ಕೂವರೆ ಅನ್ನುವುದು ಹಾಡಿನ ಹಾಗೆ ಕೇಳುತ್ತಿತ್ತು. ಮುಂದಿನ ಬೆಂಚಿನ ಹೆಂಗಸರು ಅದನ್ನು ಅಣಕಿಸಿ ನಗುತ್ತಿದ್ದರು. ನೀನೂ ಅವರೊಡನೆ ನಗುತ್ತಿದ್ದೆ.

ನೀನು ಅರ್ಜಿ ಹಾಕಿದ ವಾರ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಾ, 'ನನಗೇನಾದ್ರೂ ಕರೆ ಬಂದ್ರೆ ಅಳತೆ ಯಾರ್ರೀ ತೆಗೀತಾರೆ? ನೀವೇ ತೆಗೀಬೇಕಷ್ಟೆ' ಅಂದಿದ್ದೆ. ಅಂದು ನಾಚಿದ್ದೆ ಕೂಡ. ನಲವತ್ತರ ಹೆಂಗಸು ಹಾಗೆ ನಾಚಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಸಮಿತಿ ಮುಗಿಸಿ ಬಂದ ಸಂಜೆ ನಾನು ಹೇಳಿದ್ದೂ ನಿನಗೆ ನೆನಪಿರುತ್ತದೆ. ಉಚ್ಚಾರ ಸರಿಯಿಲ್ಲ ಅಂದರು ಅಂತ ಹೇಳಿದೆ. ಯಾರು ಅಂದರೆಂದು ನೀನು ಕೇಳಲಿಲ್ಲ. 'ಎಲ್ಲರೂನಾ?' ಅಂತ ಮಾತ್ರ ಕೇಳಿದೆ. ಹೌದು ಅಂದೆ. ನೀನು ಒಲೆಯ ಕಡೆ ತಿರುಗಿದೆ. ಆಮೇಲಿನ ಎರಡು ವರ್ಷ ಈ ಮನೆಯಲ್ಲಿ ನೀನು ಒಂದು ಸಾಲೂ ಹಾಡಲಿಲ್ಲ. ಅಳತೆಯನ್ನು ಕೂಡ ಕೂಗದೆ ಚೀಟಿಯಲ್ಲಿ ಬರೆದು ಕೊಡತೊಡಗಿದೆ. ನಾನು ಯಾಕೆಂದು ಕೇಳಲಿಲ್ಲ. ಕೇಳಬೇಕಿತ್ತು ಅಂತ ಬರೆಯುವುದು ಈಗ ಸುಲಭ.

ಈಗಿನ ಕಥೆಗೆ ಬರುತ್ತೇನೆ. ಮೇಡಂ ಆಯ್ಕೆಯಾದಳು. ಆಯ್ಕೆಗೆ ಕೂತವರೆಲ್ಲರೂ ಅವಳಿಗೇ ಹೆಚ್ಚು ಅಂಕ ಕೊಟ್ಟಿದ್ದರು, ಎರಡನೆಯ ಸ್ಥಾನ ಕೆಮ್ಮಯ್ಯನ ತಂಗಿಯ ಮಗಳಿಗೆ. ಪಾಸ್ಟರ್, ಪತ್ರ ಕಳಿಸಿ ಅಂತ ಗುಮಾಸ್ತರಿಗೆ ಹೇಳಿ ಎರಡು ವಾರದ ತರಬೇತಿಗೆಂದು ಬೇರೆ ಊರಿಗೆ ಹೋದರು. ಗುಮಾಸ್ತರು ಪತ್ರ ಕಳಿಸಲಿಲ್ಲ. ಬೇಕೆಂದು ಮಾಡಿದ್ದಲ್ಲ, ಪಾಪ. 'ಅಳತೆ ಆಗದೆ ಪತ್ರ ಹೇಗೆ ಟೈಪ್ ಮಾಡೋದು' ಅಂತ ಅವರು ಅಳತೆಗೆ ಕಾದರು. ಸಮಿತಿಯವರು, ಅವಳೇ ಅಂಗಡಿಗೆ ಬಂದು ಹೋಗಿರಬೇಕು ಅಂದುಕೊಂಡರು. ಅವಳು ಪತ್ರಕ್ಕೆ ಕಾದಳು. ಭಾನುವಾರ ಮುಂದಿನ ಬೆಂಚಿನ ಹೆಂಗಸೊಬ್ಬರು 'ಏನಮ್ಮಾ, ಅಳತೆ ಆಯ್ತಾ?' ಅಂತ ಕೇಳಿದರಂತೆ. ಅವಳಿಗೆ ಆ ಮಾತಿನ ತಲೆಬುಡ ತಿಳಿಯಲಿಲ್ಲ. ಇಲ್ಲ ಅಂದಳು. ಆ ಹೆಂಗಸು ಅಯ್ಯೋ ಎಂದು ಮುಖ ಮಾಡಿ ಹೋದದ್ದನ್ನು ನೋಡಿ, ಕೆಲಸ ಕೈತಪ್ಪಿತೆಂದುಕೊಂಡು ಸುಮ್ಮನಾದಳು.

ಹನ್ನೆರಡು ದಿನ ಹೀಗೆಯೇ ಕಳೆಯಿತು. ಚರ್ಚಿನ ಅಂಗಳದಲ್ಲಿ ಮಾತು ಶುರುವಾಯಿತು. 'ನೋಡಿದ್ರಾ, ಕರೆದು ಕೊಟ್ರೂ ಇಟ್ಕೊಳ್ಳಕ್ಕೆ ಬರಲ್ಲ ಇವರಿಗೆ.' ಶುಕ್ರವಾರದೊಳಗೆ ಬರದಿದ್ದರೆ ಎರಡನೆಯವಳಿಗೆ ಕೊಡುವುದೆಂದು ಸಮಿತಿ ತೀರ್ಮಾನಿಸಿತು. ನಾನೂ ಆ ಕುರ್ಚಿಯಲ್ಲಿ ಕೂತಿದ್ದೆ. ಪರದೆ ಹಾಕಿದೆವು, ಮೂರು ಭಾಷೆಯಲ್ಲಿ ಬರೆಸಿದೆವು, ಎಲ್ಲ ಮಾಡಿಯೂ ನಮಗೆ ಮಾತ್ರ ಗೊತ್ತಿರುವ ಒಂದು ಮಾತಿನಲ್ಲಿ ಅವಳನ್ನು ಹೊರಗೇ ನಿಲ್ಲಿಸಿದ್ದೆವು.

ಕರೆಯಬೇಕಾದವನು ನಾನು. ಯಾಕೆ ಕರೆಯಲಿಲ್ಲ? ನರ್ಸಮ್ಮ ಆ ವಾರದ ಗುರುವಾರ ಡ್ಯೂಟಿ ಮುಗಿಸಿ ನೇರ ಅಂಗಡಿಗೆ ಬಂದು ಇದನ್ನೇ ಕೇಳಿದರು. ಹೆಂಗಸರ ಅಳತೆ ತೆಗೆಯುವವರು ಮನೆಯಲ್ಲಿಲ್ಲ, ಈಗೆಲ್ಲ ಅಳತೆ ಬಟ್ಟೆ ತಂದುಕೊಡುತ್ತಾರೆ, ನಿಲುವಂಗಿಗೆ ಅದು ನಡೆಯುವುದಿಲ್ಲ ಅಂತೆಲ್ಲ ಹೇಳಿದೆ. ನರ್ಸಮ್ಮ ನನ್ನ ಮಾತನ್ನು ಪೂರ್ತಿ ಕೇಳಿ, 'ನೀವು ಟೈಲರಾ, ಬಾಗಿಲಾ?' ಅಂತ ಕೇಳಿ ಹೊರಟುಹೋದರು. ಹನ್ನೆರಡು ದಿನವೂ ನಾನು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಹೊಸ್ತಿಲವರೆಗೆ ಹೋಗಿ ವಾಪಸ್ ಬಂದಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ. ಯಾಕೆ ವಾಪಸ್ ಬಂದೆ ಅನ್ನುವುದನ್ನು ನಿನಗೂ ಇಲ್ಲಿಯವರೆಗೆ ಹೇಳಿಲ್ಲ.

ಮರುದಿನ ಶುಕ್ರವಾರ. ಅಂಗಡಿಗೆ ಬೀಗ ಹಾಕಿ ಹೋದೆ. ಲಾಂಡ್ರಿಯ ಮೇಲಿನ ಮೂರನೆಯ ಮಹಡಿಯಲ್ಲಿ ಅವಳ ಕೋಣೆ. ಮೆಟ್ಟಿಲೆಲ್ಲ ಸೋಪಿನ ವಾಸನೆ. ಬಾಗಿಲು ತೆಗೆದವಳು ನನ್ನ ಕುತ್ತಿಗೆಯ ಟೇಪು ನೋಡಿ ಕಕ್ಕಾಬಿಕ್ಕಿಯಾದಳು. 'ಅಳತೆಗೆ ಬಂದಿದ್ದೀನಮ್ಮ, ಕೆಲಸ ನಿನ್ನದೇ' ಅಂದೆ. ಅಷ್ಟು ಹೇಳುವುದಕ್ಕೆ ನಾನು ಹನ್ನೆರಡು ದಿನ ತೆಗೆದುಕೊಂಡೆ ನೋಡು. ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. ಆಮೇಲೆ ಪಕ್ಕದ ಕೋಣೆಯ ಹೆಂಗಸನ್ನು ಕರೆದು ಟೇಪು ಕೊಟ್ಟಳು. ಬಾಗಿಲು ಮುಂದಕ್ಕೆ ಸರಿಸಿಕೊಂಡರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಪುಸ್ತಕ ಬಿಚ್ಚಿದೆ.

ಒಳಗಿನಿಂದ ಅವಳೇ ಕೂಗಿ ಹೇಳಿದಳು. ಭುಜ, ಹದಿನಾಲ್ಕೂವರೆ. ನಿನ್ನ ಭುಜದ್ದೇ ಅಳತೆ, ನಿನ್ನದೇ ರಾಗ. ಸೀಸದ ಕಡ್ಡಿ ಕೈಯಲ್ಲಿದ್ದರೂ ನನಗೆ ಬರೆಯಲಾಗಲಿಲ್ಲ. 'ಬರ್ಕೊಂಡ್ರಾ?' ಅಂತ ಎರಡು ಸಲ ಕೇಳಿದಳು. ಹೂಂ ಅಂದೆ. ಆಮೇಲೆ ಬಾಗಿಲಾಚೆಯಿಂದಲೇ, 'ಆವತ್ತು ಅರ್ಜಿ ಹಾಕಿದ್ರು ಅಂದ್ರಲ್ಲ, ಅವರು ಯಾರು?' ಅಂತ ಕೇಳಿದಳು. ನನ್ನ ಹೆಂಡತಿ ಅಂದೆ. 'ಈಗ ಹಾಡ್ತಾರಾ?' ಅಂದಳು.

ಗೊತ್ತಿಲ್ಲ ಅಂದೆ. ನಿನ್ನ ಜೊತೆ ಹತ್ತೊಂಬತ್ತು ವರ್ಷ ಸಂಸಾರ ಮಾಡಿದವನು ನಾನು, ಗೊತ್ತಿಲ್ಲ ಅಂದೆ. ಇಳಿದು ಬರುವಾಗ ಲಾಂಡ್ರಿಯವರು ಏನಾಯ್ತು ಸ್ವಾಮಿ ಅಂತ ಕೇಳಿದರು. ಸೋಪು ಕಣ್ಣಿಗೆ ಹೋಯಿತು ಅಂದೆ.

ನಿಲುವಂಗಿ ಸಿದ್ಧವಾಗಿದೆ. ಮಷಿನ್ನಿನ ಮುಂದೆಯೇ ತೂಗುಹಾಕಿದ್ದೇನೆ, ಬರೆಯುವಾಗ ತಲೆಯೆತ್ತಿದರೆ ಅದೇ ಕಾಣುತ್ತದೆ. ಹಲಗೆಯ ಮೇಲೆ ಈಗ ಒಂಬತ್ತು ಫೋಟೋ, ಮೇಡಂದೂ ಇದೆ, ಗುಡಿಸುವವಳದ್ದೂ ಇದೆ. ಗುಡಿಸುವವಳು ದಿನಾ ಬೆಳಿಗ್ಗೆ ತನ್ನ ಫೋಟೋವನ್ನು ಒಂದು ಸಲ ಹೆಚ್ಚಾಗಿ ಒರೆಸುತ್ತಾಳೆ. ಒಂಬತ್ತು ಫೋಟೋದಿಂದ ಎಲ್ಲ ಸರಿಹೋಯಿತೆಂದು ನಾನು ಹೇಳುವುದಿಲ್ಲ, ಮುಂದಿನ ಬೆಂಚು ಇನ್ನೂ ಅಲ್ಲೇ ಇದೆ. ಆದರೆ ಇನ್ನು ಮೇಲೆ ಮೊದಲು ಪತ್ರ, ಆಮೇಲೆ ಅಳತೆ ಎಂದು ಪಾಸ್ಟರ್ ಬರೆದಿಟ್ಟಿದ್ದಾರೆ. ಸಮಿತಿಯವರು ನನ್ನನ್ನು ಹೊಗಳಿದರು, ಮೂರು ಮಹಡಿ ಹತ್ತಿ ಹೋದೆನಲ್ಲ ಅಂತ. ಚಪ್ಪಾಳೆ ಕೂಡ ತಟ್ಟಿದರು. ಅಷ್ಟು ಒಂಟಿಯಾಗಿ ನಾನು ಎಂದೂ ಕೂತಿರಲಿಲ್ಲ.

ಬರುವ ತಿಂಗಳ ಮೊದಲನೆಯ ಭಾನುವಾರ ಮೇಡಂ ಮೊದಲ ಸಲ ಕ್ವಾಯರ್ ನಡೆಸುತ್ತಾಳೆ. ಹೆಂಗಸರ ದನಿ ಸಾಲುತ್ತಿಲ್ಲವಂತೆ, ನಿನ್ನ ವಿಳಾಸ ಕೇಳಿದಳು, ಕೊಟ್ಟಿದ್ದೇನೆ. ಅವಳ ಕಾಗದ ಬಂದರೆ ಅದಕ್ಕೆ ಉತ್ತರ ಬರೆ. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೋರಿಸಬೇಡ. ನೀನು ಬಾ ಎಂದು ಬರೆಯಲೆಂದೇ ಮಂಗಳವಾರ ಕೂತವನು ನಾನು. ಬರೆಯಲು ಮುಖವಿಲ್ಲ. ಚಳಿ ಶುರುವಾಗಿದೆ, ಅಕ್ಕನಿಗೆ ಮಂಡಿ ಬೆಚ್ಚಗಿಟ್ಟುಕೊಳ್ಳಲು ಹೇಳು.

ಇಂತಿ,
ನೀನು ಬರೀ 'ರೀ' ಎಂದು ಕರೆಯುತ್ತಿದ್ದ
ನಾನೇ

ತಾ. ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ, ಅದಕ್ಕೇ ಅಂಚು ಹರಿದಿದೆ. ಮೆಟ್ಟಿಲ ಮೇಲೆ ಕೆಮ್ಮಯ್ಯ ನನ್ನ ತೋಳು ಹಿಡಿದು ಅಂದದ್ದು ಇಷ್ಟೇ: 'ಸಮಿತಿ ಮೇಲೆ ಹಾಕ್ಬಿಟ್ಟೆಯಲ್ಲೋ.' ಒಂಬತ್ತು ವರ್ಷದ ಹಿಂದಿನ ಆ ಸಂಜೆ ಸಮಿತಿ ಒಪ್ಪಿತ್ತು. ಉಳಿದ ನಾಲ್ವರೂ ಹೂಂ ಅಂದಿದ್ದರು. ಕೆಮ್ಮಯ್ಯನೇ ಮೂರು ಸಲ ಕೆಮ್ಮಿ, 'ನಾಳೆ ನಿನ್ನ ಹೆಂಡ್ತಿ ಅಳತೆ ತಗೊಳ್ಳಪ್ಪ, ದೂರವೇನೂ ಹೋಗ್ಬೇಕಾಗಿಲ್ಲ' ಅಂದ. ಎಲ್ಲರೂ ನಕ್ಕರು. ಒಳ್ಳೆಯ ನಗುವೇ ಅದು, ಈಗ ಅರ್ಥವಾಗುತ್ತದೆ. ಆವತ್ತು ನನಗೆ ಆ ಕುರ್ಚಿ ಸಿಕ್ಕಿ ನಾಲ್ಕು ತಿಂಗಳಾಗಿತ್ತು. ನೀನು ಎಲ್ಲರ ಮುಂದೆ ನಿಂತು ಬಾಯಿ ತೆರೆದರೆ ಜನ ನಕ್ಕಾರು, ನನ್ನನ್ನೂ ಹಿಂದಿನ ಬೆಂಚಿನವನೆಂದುಕೊಂಡಾರು ಅನ್ನಿಸಿತು. 'ಬೇಡ ಬಿಡಿ, ಅವಳ ಉಚ್ಚಾರ ಇನ್ನೂ ಸರಿಹೋಗಿಲ್ಲ' ಅಂದವನು ನಾನು. ಎಲ್ಲರೂನಾ ಅಂತ ನೀನು ಕೇಳಿದೆಯಲ್ಲ, ನಾನೊಬ್ಬನೇ. ಅಳತೆಗೆ ನಿನಗೆ ಕರೆ ಬಂದಿತ್ತು, ಇವಳೇ. ನೀನು ಒಲೆಯ ಮುಂದೆ ಇದ್ದೆ, ಟೇಪು ನನ್ನ ಕುತ್ತಿಗೆಯಲ್ಲೇ ಇತ್ತು, ನಾನು ಕರೆಯಲಿಲ್ಲ.